ಹೂವಿಲ್ಲದ ಜೇನು

“ಕೇಳಿರಪ್ಪೋ ಕೇಳಿ! ದೊರೆಮಗಳು ನೀಲಾಜಮ್ಮಣ್ಣಿಯವರ ಮೂರು ಒಗಟು ಬಿಡಿಸಿದವನಿಗೆ ಅಮ್ಮಣ್ಣಿಯವರನ್ನು ಕೊಟ್ಟು ಮದುವೆ, ಜೊತೆಗೆ ಅರ್ಧ ಕಾಡು. ತಪ್ಪಿದವನಿಗೆ ತಲೆದಂಡ!”

ಡಂಗುರ ಸಾರಿದ ಮರುದಿನವೇ ಹಾಲಗಿರಿಯ ಅರಮನೆ ತುಂಬಿತು. ಊಟದ ಎಲೆ ಹಚ್ಚಿ ಅರಮನೆಗೆ ಒಪ್ಪಿಸುವ ಸಣ್ಣೀರನೂ ಎಲೆಕಟ್ಟು ಇಳಿಸಿ ಕಂಬದ ಮರೆಯಲ್ಲಿ ನಿಂತ. ಹಿಂದಿನ ವರ್ಷ ಅಮ್ಮಣ್ಣಿ ಕೆಮ್ಮಿ ಕೆಮ್ಮಿ ಹಾಸಿಗೆ ಹಿಡಿದಿದ್ದಳು. ಗುಣವಾಗಿ ಮೊದಲ ಸಲ ನಕ್ಕಾಗ ಆ ನಗು ಇವನ ಕಿವಿಗೆ ಬಿದ್ದಿತ್ತು. ಅಂದಿನಿಂದ ಎಲೆ ಹಚ್ಚುವ ಕಡ್ಡಿ ಬೆರಳಿಗೇ ಚುಚ್ಚುತ್ತಿತ್ತು, ಪಾಪ.

ಅವಳನ್ನು ಉಳಿಸಿದ ಜೇನು ಬೆಳ್ಳಿ ಬಟ್ಟಲಲ್ಲಿತ್ತು. ಕಪ್ಪು ಬಣ್ಣ, ಮಂದ ಪಾಕ. ವರ್ಷ ಕಳೆದರೂ ಸಕ್ಕರೆಗಟ್ಟಿರಲಿಲ್ಲ.

“ಇದು ಯಾವ ಹೂವಿನದು?” ಎಂದಳು ಅಮ್ಮಣ್ಣಿ.

ನೆರೆನಾಡಿನ ರಾಜಕುಮಾರ ನೆಕ್ಕಿ, “ಸಂಪಿಗೆ!” ಎಂದ. ಭಟರು ಸೆರೆಮನೆಗೆ ಎಳೆದೊಯ್ದರು. ದಂಡನಾಯಕನ ಮಗ, “ಹೂವಿನದೇ ಅಲ್ಲ,” ಎಂದು ಸುಮ್ಮನೆ ಊಹಿಸಿ ಮೊದಲನೆಯದನ್ನು ಗೆದ್ದ. ಅಮ್ಮಣ್ಣಿ ಎರಡನೆಯದನ್ನು ಒಡ್ಡಿದಳು: “ಮಳೆಯಿಲ್ಲ, ಮಂಜಿಲ್ಲ, ಆದರೂ ಮರದಡಿ ನಿಂತವನ ತಲೆ ಒದ್ದೆ. ಒರೆಸಿದರೆ ಅಂಟುತ್ತದೆ. ಯಾವ ಹನಿ ಅದು?”

“ಬೆವರು!”

ಜನ ನಗುವಷ್ಟರಲ್ಲಿ ಅವನನ್ನೂ ಎಳೆದೊಯ್ದರು. ಆಮೇಲೆ ಯಾರೂ ಮುಂದೆ ಬರಲಿಲ್ಲ. ಸಣ್ಣೀರ ಕಂಬ ಬಿಟ್ಟು ಈಚೆ ಬಂದ.

“ತಲೆ ಭಾರವಾಯಿತೇನೋ, ಎಲೆಯವನೇ?” ಎಂದ ಮಂತ್ರಿ.

“ಇರೋದು ಒಂದೇ ತಲೆ, ಸ್ವಾಮಿ. ಆದ್ರೂ ರುಚಿ ನೋಡ್ತೀನಿ.”

ನಾಲಿಗೆಗಿಟ್ಟ. ಸಿಹಿ ಅವಸರ ಮಾಡಲಿಲ್ಲ. ಮೊದಲು ಆಲೆಮನೆಯ ಕೊಪ್ಪರಿಗೆಯ ತಳ ಹಿಡಿದ ಪಾಕದ ಘಮ, ಆಮೇಲೆ ಮರದ ತೊಗಟೆಯ ಒಗರು, ಕೊನೆಗೆ ಗಂಟಲಿಗೆ ಇಳಿದ ತಂಪು. ಎಂಥ ರುಚಿ! ತಲೆದಂಡದ ಮಾತೇ ಅವನಿಗೆ ಮರೆತುಹೋಯಿತು.

“ಹೂವಿನದಲ್ಲ ಅವ್ವಾರೆ, ಎಲೆ ಮೇಲಿಂದು. ಹೂ ಮುಗಿದ ಕಾಲದಲ್ಲಿ ಜೇನುಹುಳ ಇದನ್ನೇ ಹೀರ್ತವೆ. ನೀವು ಕೇಳಿದ ಹನೀನೂ ಇದೇ. ಹೇನಿನಷ್ಟು ಹುಳ ಮರದ ರಸ ಕುಡಿದು ಸಿಹಿನೀರು ಉದುರಿಸ್ತವೆ. ನನ್ನ ಎಲೆಗಳೆಲ್ಲ ಒಂದಕ್ಕೊಂದು ಅಂಟಿ, ಅವನ್ನ ಎಷ್ಟು ಬೈದಿದೀನೋ!”

ಅಮ್ಮಣ್ಣಿ ನಗು ತಡೆದುಕೊಂಡಳು. “ಎರಡು ಹೊಟ್ಟೆ ಹೊಕ್ಕು ಬಂದರೂ ಮೈಲಿಗೆಯಾಗದೆ, ಅಪ್ಪಾಜಿ ದಿನವೂ ದೇವರಿಗೆ ಎರೆಯುವುದು ಯಾವುದು? ಹೊಟ್ಟೆಗಳು ಯಾರವು?”

ಸಣ್ಣೀರ ಸಿಂಹಾಸನದತ್ತ ತಿರುಗಿದ. ದೊರೆಯ ಮಡಿ ಊರಿಗೆಲ್ಲ ಗೊತ್ತು. ಉತ್ತರ ತಪ್ಪಿದರೂ ತಲೆ ಹೋಗುತ್ತದೆ, ಹೇಳಿದರೂ ಹೋಗುತ್ತದೆ.

“ಇದೇ ಜೇನು, ಬುದ್ಧಿ. ಒಂದು ಹೊಟ್ಟೆ ಜೇನುಹುಳದ್ದು, ಬಾಯಿಂದ ಬರ್ತದೆ. ಇನ್ನೊಂದು ಆ ಎಲೆಹುಳದ್ದು. ಅದು ಬಾಯಿಂದಲ್ಲ.”

“ಮತ್ತೆಲ್ಲಿಂದ?” ಎಂದ ದೊರೆ.

“ಹಿಂದಿನಿಂದ.”

ದೊರೆ ಕತ್ತಿ ಹಿರಿದು ಎದ್ದ. “ನನ್ನ ದೇವರಿಗೆ ಹುಳದ ಹೊಲಸೇನೋ!”

“ಹೊಲಸಲ್ಲ ಬುದ್ಧಿ. ಸುಟ್ಟ ಗಾಯ ಮಾಯಿಸ್ತದೆ, ಕೆಮ್ಮು ನಿಲ್ಲಿಸ್ತದೆ. ಇಡೀ ಮರದ ಸತ್ವ ಅದರಲ್ಲೈತೆ. ದೇವರಿಗೆ ಎರೆಯೋಕೆ ಇದಕ್ಕಿಂತ ಒಳ್ಳೇದು ನಾ ಕಂಡಿಲ್ಲ.”

ಅಮ್ಮಣ್ಣಿ ಇಬ್ಬರ ನಡುವೆ ಬಂದು ನಿಂತಳು. “ಮೂರೂ ಸರಿ, ಅಪ್ಪಾಜಿ. ಜೇನು ಕೊಟ್ಟ ಕಾಡಿನ ಅಜ್ಜಿ ಹೇಳಿದ್ದೂ ಇದನ್ನೇ. ನಿಮ್ಮೆದುರು ಹೇಳುವ ಧೈರ್ಯ ನನಗಿರಲಿಲ್ಲ. ಅದಿರುವವನನ್ನೇ ಹುಡುಕಿದೆ.”

ಮಗಳ ಮುಖ ನೋಡಿ ದೊರೆ ಕತ್ತಿಯನ್ನು ಒರೆಗೆ ಸೇರಿಸಿದ. ಅರ್ಧ ಕಾಡು ಬರೆದುಕೊಟ್ಟ. ಸಣ್ಣೀರ ಬೇಡಿಕೊಂಡಿದ್ದಕ್ಕೆ ಸೆರೆಯಲ್ಲಿದ್ದ ಇಬ್ಬರನ್ನೂ ಬಿಟ್ಟ.

ಅಮ್ಮಣ್ಣಿ ಬಟ್ಟಲಿಗೆ ಬೆರಳದ್ದಿ ನೆಕ್ಕಿ, ಅದೇ ಬೆರಳನ್ನು ಮತ್ತೆ ಅದ್ದಿ, ಬಟ್ಟಲನ್ನು ಅವನತ್ತ ಚಾಚಿದಳು. “ಈಗ ನನ್ನ ಎಂಜಲೂ ಸೇರಿತು. ಬೇಡವಾದರೆ ಈಗಲೇ ಹೇಳು.”

ಪುರೋಹಿತರು ಮುಹೂರ್ತಕ್ಕೆ ಪಂಚಾಂಗ ಬಿಡಿಸುವಷ್ಟರಲ್ಲಿ ಬಟ್ಟಲು ಖಾಲಿಯಾಗಿತ್ತು.