ಕಣ್ಣಿನ ಚಿತ್ರಕ್ಕೆ ಗೆರೆ ಸುತ್ತಿದವರು

"ಈ ಸಲವೂ ನನ್ನ ಮಾತನ್ನು ಅರ್ಧಕ್ಕೇ ಕತ್ತರಿಸಿದರು, ಅಜ್ಜಾರೇ," ಎಂದು ದಾಕ್ಷಾಯಣಿ ಮಠದ ಜಗಲಿಯ ಮೇಲೆ ಕೂರುವ ಮೊದಲೇ ಶುರು ಮಾಡಿದಳು. "ನಾನು ಬಾಯಿ ತೆರೆದರೆ ಸಾಕು, ಸಭೆಯ ಆ ಅಧ್ಯಕ್ಷನಿಗೆ ಕೆಮ್ಮು ಬರುತ್ತದೆ. ಕೆಮ್ಮಿ ಮುಗಿಸಿ, 'ಆಯಿತಮ್ಮ, ಕೂತುಕೋ' ಅನ್ನುತ್ತಾನೆ. ನಾನು ಹೇಳಿದ್ದಾದರೂ ಏನು? 'ಆ ಹುಡುಗಿ' ಅಂದಿದ್ದೆ. ಅಷ್ಟೇ."

ಮಠದ ಅಜ್ಜನವರು ನಕ್ಕರು. "ನಿನ್ನ ಮಾತು ಕತ್ತರಿಸುವ ಗಂಡಸು ಈ ಊರಿನಲ್ಲಿದ್ದಾನೆಯೇ? ನಿನ್ನ ಗಂಡನಿಗೆ ಹೇಳಿದರೆ ಹೋಗಿ ಅವನ ಕಾಲಿಗೆ ಬಿದ್ದು ಬರುತ್ತಾನೆ."

"ನಗಬೇಡಿ ಅಜ್ಜಾರೇ. ನನಗೆ ಎರಡು ದಿನದಿಂದ ಅನ್ನ ಸೇರುತ್ತಿಲ್ಲ."

ಸಭೆ ಶಾಲೆಯದು. ದಾಕ್ಷಾಯಣಿಯ ಮಗಳು ಮೂರನೇ ತರಗತಿ. ಅವಳ ಪಕ್ಕದಲ್ಲಿ ಕೂರುವ ಹುಡುಗಿಗೆ ಫಿಟ್ಸ್ ಬರುತ್ತಿತ್ತು. ಹೋದ ವಾರ ಪಾಠದ ನಡುವೆಯೇ ಬಿದ್ದಳು. ಮಕ್ಕಳು ಕಿರುಚಿದರು, ಮನೆಗೆ ಹೋಗಿ ಹೇಳಿದರು. ತಾಯಿತಂದೆಯರು ಸಭೆ ಸೇರಿ, ಗುಣವಾಗುವವರೆಗೆ ಹುಡುಗಿ ಮನೆಯಲ್ಲಿರಲಿ ಎಂದು ತೀರ್ಮಾನ ಮಾಡಿದರು. ಗುಣವಾಗುವುದು ಎಂದರೆ ಯಾವಾಗ ಎಂದು ಒಬ್ಬರೂ ಕೇಳಲಿಲ್ಲ. ಸೋಮವಾರದಿಂದ ಆ ಮಗುವಿನ ಓದು ನಿಂತಂತೆಯೇ.

"ಕೈ ಎತ್ತಿ ಅಂದರು. ಎಲ್ಲರೂ ಎತ್ತಿದರು," ಎಂದಳು.

"ನೀನು?"

"ನಾನೂ ಎತ್ತಿದೆ. ಅಷ್ಟು ಕೈ ಮೇಲೆ ಹೋದ ಮೇಲೆ ನನ್ನದೊಂದು ಕೆಳಗಿದ್ದು ಏನು ಮಾಡೀತು? ಅವಳು ನನ್ನ ಮಗಳ ಪಕ್ಕದಲ್ಲೇ ಕೂರುವವಳು. ನನ್ನ ಮಗಳಿಗೇ ಇಲ್ಲದ ಹೆದರಿಕೆ ಊರಿಗೆಲ್ಲ ಯಾಕೆ? ನನಗೆ ಅದು ತಪ್ಪು ಅನ್ನಿಸಿತು. ಆದರೆ ಅಷ್ಟು ಜನ ಸರಿ ಅನ್ನುವಾಗ ನಾನೇನು ಅವರಿಗಿಂತ ಹೆಚ್ಚು ಓದಿದವಳೇ? ಹತ್ತನೇ ತರಗತಿ. ನೀವೇ ಹೇಳಿ ಅಜ್ಜಾರೇ. ಎಲ್ಲರಿಗೂ ಕಾಣದ್ದು ನನಗೊಬ್ಬಳಿಗೆ ಕಂಡರೆ, ಯಾರ ಕಣ್ಣನ್ನು ನಂಬಬೇಕು?"

ಒಂದು ಮಾತನ್ನು ಅವಳು ಹೇಳಲಿಲ್ಲ. ಕೈಗಳು ಮೇಲೇಳುವಾಗ ಹುಡುಗಿಯ ತಾಯಿ ಬಾಗಿಲಲ್ಲಿ ನಿಂತಿದ್ದಳು. ಅವಳು ಬೇರೆ ಯಾರನ್ನೂ ನೋಡಲಿಲ್ಲ. ದಾಕ್ಷಾಯಣಿಯ ಕೈಯನ್ನೇ ನೋಡಿದಳು.

"ಕತೆ ಹೇಳುತ್ತೇನೆ. ನಡುವೆ ಬಾಯಿ ಹಾಕಬೇಡ," ಎಂದರು ಅಜ್ಜನವರು.

"ನೀವೂ ಅದನ್ನೇ ಹೇಳಿ," ಎಂದು ಗೊಣಗಿ ಅವಳು ಸೆರಗು ಸರಿಮಾಡಿಕೊಂಡು ಕೂತಳು.

ಒಬ್ಬ ಕಣ್ಣಿನ ವೈದ್ಯನಿದ್ದ. ಸಕ್ಕರೆ ಕಾಯಿಲೆಯವರಿಗೆ ಕಣ್ಣಿನ ಒಳಪದರ ಕೆಡುತ್ತದೆ. ನೋವಿಲ್ಲ, ಉರಿಯಿಲ್ಲ. ಗೊತ್ತಾಗುವ ಹೊತ್ತಿಗೆ ದೃಷ್ಟಿ ಹೋಗಿರುತ್ತದೆ. ಹಳ್ಳಿಗಳು ಬಹಳ, ವೈದ್ಯರು ಕಡಿಮೆ. ಕಣ್ಣಿನ ಫೋಟೋ ನೋಡಿ ರೋಗ ಹೇಳುವ ಯಂತ್ರವನ್ನು ಮಾಡಬೇಕೆಂದು ಅವನು ಸಂಶೋಧನೆಗೆ ಇಳಿದ.

ಅಂಥ ಯಂತ್ರಕ್ಕೆ ಪುಸ್ತಕ ಓದಿಸಿದರೆ ಆಗದು. ಇದು ಹಸು, ಇದು ಎಮ್ಮೆ ಎಂದು ಮಗುವಿಗೆ ತೋರಿಸಿದ ಹಾಗೆ, ಸಾವಿರ ಸಾವಿರ ಚಿತ್ರಗಳನ್ನು ತೋರಿಸಿ ಕಲಿಸಬೇಕು. ಪ್ರತಿ ಚಿತ್ರದಲ್ಲೂ ಕೆಟ್ಟ ಜಾಗದ ಸುತ್ತ ಮೊದಲೇ ಯಾರಾದರೂ ಗೆರೆ ಎಳೆದಿರಬೇಕು. ಆ ಕೆಲಸಕ್ಕೆ ವೈದ್ಯ ಮೂವರು ಹೆಂಗಸರನ್ನು ಇಟ್ಟುಕೊಂಡ. ಕೆಂಪು ಚುಕ್ಕೆ ಕಂಡರೆ ಗೆರೆ ಸುತ್ತಿ, ಹತ್ತಿಯ ಎಳೆಯಂಥ ಬಿಳಿ ಮಸಕು ಕಂಡರೂ ಸುತ್ತಿ ಎಂದು ಕಲಿಸಿದ. ಕೆಂಪು ಚುಕ್ಕೆ ಯಾರಿಗಾದರೂ ಕಾಣುತ್ತದೆ. ಬಿಳಿ ಮಸಕು ಹಾಗಲ್ಲ. ಕಣ್ಣು ಪಳಗಬೇಕು.

ಒಬ್ಬಳ ಅಭಿಪ್ರಾಯ ಇನ್ನೊಬ್ಬಳಿಗೆ ತಾಗಬಾರದೆಂದು ವೈದ್ಯ ಅವರನ್ನು ಬೇರೆ ಬೇರೆ ಕೋಣೆಗಳಲ್ಲಿ ಕೂರಿಸಿದ. ಕೆಲಸದ ಮಾತನ್ನು ತಮ್ಮತಮ್ಮಲ್ಲಿ ಆಡಕೂಡದು ಎಂದ. ಒಂದೇ ಚಿತ್ರ ಮೂವರ ಬಳಿಗೂ ಹೋಗುತ್ತಿತ್ತು. ಇಬ್ಬರದು ಒಂದಾಗಿ ಒಬ್ಬಳದು ಬೇರೆಯಾದರೆ, ಆ ಒಬ್ಬಳ ಗೆರೆ ಅಳಿಸಿ, ಮತ್ತೆ ನೋಡು ಎಂದು ಚಿತ್ರ ಅವಳಿಗೇ ವಾಪಸು ಬರುತ್ತಿತ್ತು. ಒಬ್ಬರು ತಪ್ಪಬಹುದು, ಇಬ್ಬರು ಒಂದೇ ಕಡೆ ತಪ್ಪುವುದಿಲ್ಲ ಎಂಬುದು ವೈದ್ಯನ ಲೆಕ್ಕ. ಅವನು ಕೆಟ್ಟವನಲ್ಲ. ಲೆಕ್ಕವೂ ಮೇಲುನೋಟಕ್ಕೆ ಕೆಟ್ಟದ್ದಲ್ಲ.

ಹಿರಿಯವಳ ಕಣ್ಣು ಮೊದಲು ಪಳಗಿತು. ಒಂದು ಚಿತ್ರದಲ್ಲಿ ಅವಳಿಗೆ ಬಿಳಿ ಮಸಕು ಕಂಡಿತು. ಗೆರೆ ಸುತ್ತಿದಳು. ಚಿತ್ರ ವಾಪಸು ಬಂತು. ಇನ್ನೊಂದರಲ್ಲಿ ಕಂಡಿತು, ಸುತ್ತಿದಳು. ಅದೂ ವಾಪಸು ಬಂತು. ಹೀಗೇ ಬರುತ್ತಾ ಬರುತ್ತಾ, ಕಂಡರೂ ಕಾಣದವಳಂತೆ ಮುಂದಿನ ಚಿತ್ರಕ್ಕೆ ಹೋಗುವುದನ್ನು ಅವಳು ಕಲಿತಳು.

"ಮತ್ತೇನು ಮಾಡುತ್ತಾಳೆ, ಪಾಪ?" ಎಂದು ದಾಕ್ಷಾಯಣಿ ತಡೆಯಲಾರದೆ ಅಂದಳು.

ಅಜ್ಜನವರು ಅವಳನ್ನು ಗದರಲಿಲ್ಲ. ಕತೆಯನ್ನು ಮುಂದುವರಿಸಿದರು.

ಚಿತ್ರಗಳು ಬರುತ್ತಲೇ ಇದ್ದವು. ನಡುವಿನವಳ ಕಣ್ಣೂ ಪಳಗಿತು. ಅವಳಿಗೂ ಮಸಕು ಕಾಣತೊಡಗಿತು, ಸುತ್ತತೊಡಗಿದಳು. ಆ ಹೊತ್ತಿಗೆ ಹಿರಿಯವಳು ಕೈಬಿಟ್ಟಾಗಿತ್ತು. ಕಿರಿಯವಳಿಗೆ ಇನ್ನೂ ಕಂಡಿರಲಿಲ್ಲ. ಚಿತ್ರಗಳು ವಾಪಸು ಬಂದವು. ನಡುವಿನವಳೂ ಕೈಬಿಟ್ಟಳು. ಕೊನೆಗೆ ಕಿರಿಯವಳಿಗೆ ಕಂಡಿತು. ಅವಳು ಹಟದವಳು. ಉಳಿದಿಬ್ಬರಿಗಿಂತ ಹೆಚ್ಚು ದಿನ ಸುತ್ತಿದಳು. ಎಲ್ಲವೂ ವಾಪಸು ಬಂದವು. ಅವರಿಬ್ಬರಿಗೆ ಕಾಣದ್ದು ನನಗೆ ಕಾಣುತ್ತದೆ ಎಂದರೆ ನನ್ನ ಕಣ್ಣೇ ಸರಿಯಿಲ್ಲ ಎಂದುಕೊಂಡಳು.

ಅಲ್ಲಿಂದ ಮುಂದೆ ಒಂದು ಚಿತ್ರವೂ ವಾಪಸು ಬರಲಿಲ್ಲ. ಮೂವರ ಗೆರೆಗಳೂ ಒಂದರ ಮೇಲೊಂದು ಇಟ್ಟ ಹಾಗೆ ಕೂಡತೊಡಗಿದವು. ವೈದ್ಯ ಸಂತೋಷಪಟ್ಟ. ಆ ಗೆರೆಗಳನ್ನೇ ಯಂತ್ರಕ್ಕೆ ಕಲಿಸಿದ. ಯಂತ್ರ ಸರಿಯಾಗಿ ಕಲಿತಿದೆಯೇ ಎಂದು ನೋಡುವಾಗಲೂ ಅದು ಎಳೆದ ಗೆರೆಗಳನ್ನು ಆ ಮೂವರ ಗೆರೆಗಳ ಪಕ್ಕದಲ್ಲೇ ಇಟ್ಟು ನೋಡಿದ. ಎಳ್ಳಷ್ಟೂ ವ್ಯತ್ಯಾಸವಿರಲಿಲ್ಲ. ಜನ ಅವನಿಗೆ ಶಾಲು ಹೊದಿಸಿದರು. ಯಂತ್ರ ಹಳ್ಳಿಗಳಿಗೆ ಹೋಯಿತು.

ಕಿರಿಯವಳ ತಾಯಿ ರವಿಕೆ ಹೊಲಿಯುವವಳು. ಅವಳಿಗೆ ಸಕ್ಕರೆ ಕಾಯಿಲೆ. ಮಗಳು ಕೆಲಸ ಮಾಡಿದ ಯಂತ್ರ ಬಂದಿದೆ ಎಂದು ಮುಂದಿನ ಸಾಲಿನಲ್ಲಿ ಹೋಗಿ ನಿಂತಳು. ಪಕ್ಕದವರಿಗೆಲ್ಲ, ಇದಕ್ಕೆ ಪಾಠ ಹೇಳಿದವಳು ನನ್ನ ಮಗಳು ಎಂದಳು. ಯಂತ್ರ ಅವಳ ಕಣ್ಣು ನೋಡಿ, ದೋಷವಿಲ್ಲ ಎಂದಿತು. ಮಗಳು ಅಲ್ಲೇ ಇದ್ದಳು. ಚಿತ್ರವನ್ನು ನೋಡಿದಳು. ಒಂದು ಮೂಲೆಯಲ್ಲಿ ಹತ್ತಿಯ ಎಳೆಯಂಥ ಮಸಕು ಇತ್ತು.

ಹೇಳಬೇಕೆಂದು ಬಾಯಿ ತೆರೆದಳು. ಇಷ್ಟು ಸಲ ತಪ್ಪಾದವಳು ಈಗ ಸರಿಯಾದೇನೇ ಎಂದುಕೊಂಡಳು. ಸುತ್ತ ಜನ ತಾಯಿಯನ್ನು ಹೊಗಳುತ್ತಿದ್ದರು. ಬಾಯಿ ಮುಚ್ಚಿದಳು.

ಇಷ್ಟು ಕೇಳುವಾಗ ದಾಕ್ಷಾಯಣಿಗೆ ತನ್ನ ಬಲಗೈಯನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ. ಸೆರಗಿನ ಒಳಗೆ ಇಟ್ಟುಕೊಂಡಳು. ಬಾಗಿಲಲ್ಲಿ ನಿಂತ ಆ ತಾಯಿ ಅಳಲಿಲ್ಲ, ಬೈಯಲೂ ಇಲ್ಲ. ಬೈದಿದ್ದರೆ ತಾನೂ ನಾಲ್ಕು ಬೈದು ಹಗುರಾಗಬಹುದಿತ್ತು ಎಂದು ಅವಳಿಗೆ ಅನ್ನಿಸಿತು.

ಅಜ್ಜನವರು ಮುಂದುವರಿಸಿದರು.

ತಾಯಿಗೆ ಸೂಜಿಗೆ ದಾರ ಪೋಣಿಸಲು ಆಗದಾಯಿತು. ಆಮೇಲೆ ಸೂಜಿಯೇ ಕಾಣದಾಯಿತು. ಒಂದು ಕಣ್ಣು ಹೋಯಿತು. ಮಗಳು ವೈದ್ಯನ ಬಳಿಗೆ ಓಡಿದಳು. "ಅವತ್ತೇ ಅಲ್ಲಿ ಮಸಕು ಇತ್ತು. ನಾನು ಕಂಡಿದ್ದೆ," ಎಂದಳು.

"ಕಂಡಿದ್ದರೆ ಯಂತ್ರಕ್ಕೆ ಯಾಕೆ ಕಲಿಸಲಿಲ್ಲ?" ಎಂದು ವೈದ್ಯ ಕೇಳಿದ.

"ಕಲಿಸಿದೆ. ನೀವು ಅಳಿಸಿದಿರಿ. ಉಳಿದಿಬ್ಬರಿಗೆ ಅದು ಕಂಡಿರಲಿಲ್ಲ."

ವೈದ್ಯನಿಗೆ ಸಂಶಯ ಬಂತು. ಅಂದು ಮೊದಲ ಸಲ ಮೂವರನ್ನೂ ಒಂದೇ ಮೇಜಿನ ಸುತ್ತ ಕರೆದ. ಅಂಥದೇ ಒಂದು ಹಳೆಯ ಚಿತ್ರ ಇಟ್ಟ. ಇದರಲ್ಲಿ ರೋಗ ಎಲ್ಲಿದೆ, ಬೆರಳಿಟ್ಟು ತೋರಿಸಿ ಎಂದ. ಮೂವರು ಹೆಂಗಸರೂ ತುಸು ಹೊತ್ತು ಹಿಂಜರಿದರು. ಆಮೇಲೆ ಮೂವರ ಬೆರಳುಗಳೂ ಒಂದೇ ಜಾಗಕ್ಕೆ ಬಂದು ಒಂದಕ್ಕೊಂದು ತಾಗಿದವು.

ಯಾರೂ ಯಾರ ಮುಖವನ್ನೂ ನೋಡಲಿಲ್ಲ. ವೈದ್ಯ ಹೆಗಲ ಮೇಲಿನ ಶಾಲು ತೆಗೆದು ಮಡಿಚಿಟ್ಟ.

ಅಜ್ಜನವರು ಕತೆಯನ್ನು ಅಲ್ಲಿಗೆ ಬಿಟ್ಟರು.

"ಆ ವೈದ್ಯನಿಗೆ ಬುದ್ಧಿ ಬೇಡವೇ? ಮೊದಲೇ ಒಟ್ಟಿಗೆ ಕೂರಿಸಿ ಕೇಳಿದ್ದರೆ ಆಗುತ್ತಿತ್ತು," ಎಂದಳು ದಾಕ್ಷಾಯಣಿ. ದನಿಯಲ್ಲಿ ಎಂದಿನ ಕಾವು ಇರಲಿಲ್ಲ.

"ನಿಮ್ಮನ್ನು ಒಟ್ಟಿಗೇ ಕೂರಿಸಿದ್ದರಲ್ಲ," ಎಂದರು ಅಜ್ಜನವರು.

ಅವಳು ತಲೆ ತಗ್ಗಿಸಿದಳು. ಸಭೆಯ ಒಂದೊಂದು ಮುಖವನ್ನೂ ನೆನಪಿಗೆ ತಂದುಕೊಂಡಳು. ಕೈ ಎತ್ತಿ ಕಿಟಕಿಯ ಆಚೆ ನೋಡುತ್ತಿದ್ದವರು ಇದ್ದರು. ಮೊಣಕೈಯಷ್ಟೇ ಎತ್ತಿ, ಅಕ್ಕಪಕ್ಕ ನೋಡಿ, ಆಮೇಲೆ ಪೂರ್ತಿ ಎತ್ತಿದವರು ಇದ್ದರು. ತನ್ನ ಕೈ ಮೇಲೆ ಹೋದದ್ದನ್ನು ಕಂಡು ತಾವೂ ಎತ್ತಿದವರು ಇದ್ದರೋ ಏನೋ. ಆ ಯೋಚನೆ ಬಂದೊಡನೆ ಅವಳಿಗೆ ಜಗಲಿಯ ಮೇಲೆ ಕೂರುವುದೇ ಕಷ್ಟವಾಯಿತು. ಊರಿನಲ್ಲಿ ಎಲ್ಲರಿಗೂ ಎದುರು ಮಾತಾಡುವವಳು ಅವಳೇ. ಅವಳೇ ಕೈ ಎತ್ತಿದ ಮೇಲೆ ಮಿಕ್ಕವರಿಗೆ ಏನು ಉಳಿಯಿತು?

ಆಗ ಅಜ್ಜನವರು ಕೇಳಿದರು.

"ಆ ಮಗು ಶಾಲೆಗೆ ಬರುವುದು ನಿಜವಾಗಿ ಬೇಡವಾಗಿದ್ದವರು ನಿಮ್ಮ ಸಭೆಯಲ್ಲಿ ಎಷ್ಟು ಜನ, ತಾಯಿ?"