ಬಳೆಯ ಸದ್ದಿಗೆ ಬೆಚ್ಚಿದ ಕೂಸು

“ಗುರುಗಳೇ, ಬಸುರಿ ಯಾವ ಸ್ತೋತ್ರ ಕೇಳಿಸಿಕೊಂಡರೆ ಹುಟ್ಟುವ ಮಗುವಿಗೆ ಧೈರ್ಯ ಬರುತ್ತದೆ?” ಎಂದು ಶಿಷ್ಯ ಕಲ್ಲಯ್ಯ ಕೇಳಿದ.

ಕಲ್ಲಯ್ಯನ ಹೆಂಡತಿಗೆ ಆಗ ಏಳು ತಿಂಗಳು. ಅವನ ಕಣ್ಣು ನಿದ್ದೆಯಿಲ್ಲದೆ ಕೆಂಪಾಗಿತ್ತು. “ಈಗೇಕೆ ಈ ಚಿಂತೆ?” ಎಂದರು ಗುರುಗಳು.

“ಅವಳು ಸುಮ್ಮಸುಮ್ಮನೆ ಬೆಚ್ಚುತ್ತಾಳೆ, ಕೂತಲ್ಲೇ ಅಳುತ್ತಾಳೆ. ತಾಯಿ ಹೀಗಿದ್ದರೆ ಹೊಟ್ಟೆಯಲ್ಲಿರುವ ಮಗುವಿನ ಗತಿ ಏನು ಎಂದು ನನಗೆ ಭಯ. ನೆಮ್ಮದಿಯಾಗಿರು ಎಂದು ದಿನವೂ ಗದರುತ್ತೇನೆ. ಕೇಳುವುದೇ ಇಲ್ಲ.”

ಗುರುಗಳು ನಗು ತಡೆದುಕೊಂಡು ಈ ಕತೆ ಹೇಳಿದರು.

ಒಬ್ಬ ಬಳೆಗಾರನಿದ್ದ. ಬಳೆಗಳ ಮಲಾರವನ್ನು ಹೆಗಲಿಗೆ ಹಾಕಿಕೊಂಡು ಊರೂರು ತಿರುಗುತ್ತಿದ್ದ. ಗಾಜು ಒಡೆಯದಂತೆ, ಕೈ ನೋಯದಂತೆ ಬಳೆ ತೊಡಿಸುವುದರಲ್ಲಿ ಅವನಿಗೆ ಸರಿಸಾಟಿ ಇರಲಿಲ್ಲ. ಮಾತಂತೂ ಬೆಣ್ಣೆ. ಪುಣ್ಯಾತ್ಮ ಆ ಬೆಣ್ಣೆಯನ್ನೆಲ್ಲ ಹೊರಗೇ ಖರ್ಚು ಮಾಡಿ ಮನೆಗೆ ಬರುತ್ತಿದ್ದ. ಬೀದಿಯಲ್ಲಿ ನುಂಗಿಕೊಂಡ ಸಿಟ್ಟೆಲ್ಲ ಹೊಸ್ತಿಲು ದಾಟುತ್ತಲೇ ಹೊರಬೀಳುತ್ತಿತ್ತು. ಕಾಲಿಗೆ ನೀರು ತಡವಾದರೆ ಅಬ್ಬರ, ಸಾರು ಆರಿದ್ದರೆ ಅಬ್ಬರ. ಒಮ್ಮೆಯೂ ಹೆಂಡತಿಯ ಮೇಲೆ ಕೈ ಎತ್ತಿದವನಲ್ಲ ಎಂಬುದು ಅವನ ದೊಡ್ಡ ಹೆಮ್ಮೆ.

ಹೆಂಡತಿ ಬಸುರಿಯಾದಳು. ಸೀಮಂತದ ದಿನ ಅವನೇ ಅವಳ ಎರಡೂ ಕೈ ತುಂಬ ಹಸಿರು ಗಾಜಿನ ಬಳೆ ತೊಡಿಸಿದ. ಬಳೆಯ ಸದ್ದು ಕೇಳಿ ಹೊಟ್ಟೆಯಲ್ಲಿ ಕೂಸು ನಲಿಯುತ್ತದೆ ಎಂದು ಊರಿಗೆಲ್ಲ ಹೇಳುವವನು ಅವನೇ ತಾನೇ!

ಅವಳು ಹಗಲೆಲ್ಲ ಮೈಭಾರದಿಂದ ಮೆಲ್ಲನೆ ಓಡಾಡುತ್ತಿದ್ದಳು. ಸಂಜೆ ಗಂಡನ ಹೆಜ್ಜೆ ಕೇಳಿದರೆ ಎದೆ ಧಸಕ್ಕೆನ್ನುತ್ತಿತ್ತು. ದಡಬಡಿಸಿ ಎದ್ದು ನೀರಿಗೆ ಓಡುತ್ತಿದ್ದಳು. ಚೊಂಬು ಹಿಡಿದ ಕೈ ನಡುಗುತ್ತಿತ್ತು. ಬಳೆ ಘಲ್ಲೆನ್ನುತ್ತಿದ್ದುದು ಆಗ ಮಾತ್ರ.

ಹೆಣ್ಣು ಮಗು ಹುಟ್ಟಿತು. ಮೈ ತುಂಬಿಕೊಳ್ಳಲಿಲ್ಲ, ಸರಿಯಾಗಿ ನಿದ್ದೆ ಮಾಡಲಿಲ್ಲ. ತಾಯಿ ಎತ್ತಿಕೊಂಡರೆ ಬೆಚ್ಚಿ ಕಿರುಚುತ್ತಿತ್ತು. ನೆರೆಯ ಹೆಂಗಸರು ಎತ್ತಿಕೊಂಡರೂ ಅಷ್ಟೇ. ಬಳೆಗಾರನ ತಾಯಿ ವಿಧವೆ. ಬಳೆಯಿಲ್ಲದ ಆ ಕೈಗಳಲ್ಲಿ ಮಾತ್ರ ಕೂಸು ಕಣ್ಣು ಮುಚ್ಚುತ್ತಿತ್ತು. ಮುತ್ತೈದೆಯರ ಕೈಗೆ ಒಗ್ಗದ ಕೂಸು, ಏನು ಗ್ರಹಚಾರವೋ ಎಂದು ಬೀದಿ ಪಿಸುಗುಟ್ಟಿತು. ದೃಷ್ಟಿ ತೆಗೆಸಿದರು, ತಾಯತ ಕಟ್ಟಿಸಿದರು. ಹೆತ್ತ ಕೂಸು ತನ್ನನ್ನೇ ಒಲ್ಲೆ ಎನ್ನುತ್ತಿದೆಯಲ್ಲ ಎಂದು ತಾಯಿ ಒಳಗೊಳಗೇ ಕುಸಿದಳು.

ಒಂದು ದಿನ ಅವಳಿಗೆ ಏನೋ ಹೊಳೆಯಿತು. ಹಳೆಯ ಸೀರೆಯ ಚೂರನ್ನು ಬಳೆಗಳ ಮೇಲೆ ಬಿಗಿಯಾಗಿ ಸುತ್ತಿ ಕೂಸನ್ನು ಎತ್ತಿಕೊಂಡಳು. ಕೂಸು ಅಳಲಿಲ್ಲ. ಹಾಲು ಕುಡಿಯಿತು. ಅವಳ ಕಣ್ಣಲ್ಲಿ ನೀರು ಬಂತು, ಜೊತೆಗೇ ಹೆದರಿಕೆಯೂ ಬಂತು. ಗಂಡ ಬದುಕಿರುವಾಗ ಬಳೆ ತೆಗೆಯುವಂತಿಲ್ಲ. ಹೀಗೆ ಮುಚ್ಚಿಕೊಂಡು ಎಷ್ಟು ದಿನ?

ಸಂಜೆ ಬಳೆಗಾರ ನೋಡಿಯೇಬಿಟ್ಟ. “ನಾನಿನ್ನೂ ಸತ್ತಿಲ್ಲ ಕಣೇ! ಬಳೆಗಾರನ ಹೆಂಡತಿ ಬಳೆ ಮುಚ್ಚಿಕೊಂಡು ಕೂತರೆ ಊರು ಏನನ್ನುತ್ತೆ? ನಿನ್ನ ಕೈಯಲ್ಲೇ ಏನೋ ದೋಷವಿದೆ!”

ಕೂಸು ಚೀರಿತು. ಮುದುಕಿ ಅದನ್ನು ಎತ್ತಿಕೊಂಡಳು.

“ಮೆಲ್ಲಗೆ ಮಾತಾಡೋ ಮಗಾ. ದೋಷ ಬಳೆಯಲ್ಲೂ ಇಲ್ಲ, ಅವಳ ಕೈಯಲ್ಲೂ ಇಲ್ಲ. ಈ ಮನೆಯಲ್ಲಿ ಅವಳ ಬಳೆ ಸದ್ದು ಮಾಡ್ತಿದ್ದುದು ಯಾವಾಗ ಹೇಳು? ನೀನು ಬಂದಾಗ. ಆ ಸದ್ದಾದಾಗೆಲ್ಲ ಅಮ್ಮನ ಎದೆ ಹೊಡ್ಕೊಳ್ತಿತ್ತು. ಹೊಟ್ಟೆಯಲ್ಲಿದ್ದ ಕೂಸು ಕಲಿತದ್ದು ಅದನ್ನೇ.”

ಊರ ಹೆಂಗಸರ ಕೈಗಳನ್ನೆಲ್ಲ ನಾಜೂಕಾಗಿ ಹಿಡಿದವನು ಮಗಳನ್ನು ಮುಟ್ಟಲು ಹೆದರಿ ಕೈ ಹಿಂದಕ್ಕೆ ತೆಗೆದ. ಮರುದಿನದಿಂದ ಜಗಲಿಯ ಮೇಲೆ ಮಲಾರ ಇಳಿಸಿ, ಸಿಟ್ಟೂ ಇಳಿಯುವವರೆಗೆ ಅಲ್ಲೇ ಕೂತು, ಆಮೇಲೆ ಒಳಗೆ ಬರತೊಡಗಿದ. ನೀರನ್ನು ತಾನೇ ತಂದುಕೊಂಡ. ಆದರೂ ಅವನ ಹೆಜ್ಜೆಗೆ ಹೆಂಡತಿ ಬೆಚ್ಚುವುದು ನಿಲ್ಲಲು ವರ್ಷವೇ ಹಿಡಿಯಿತು. ಕೂಸಿಗೆ ಇನ್ನೂ ಹೆಚ್ಚು ಕಾಲ ಬೇಕಾಯಿತು. ಕೊನೆಗೊಂದು ದಿನ ತಾಯಿ ಏನಕ್ಕೋ ನಕ್ಕಾಗ ಬಳೆ ಘಲ್ಲೆಂದಿತು. ಮಗು ಬೆಚ್ಚಿತು, ತಾಯಿಯ ಮುಖ ನೋಡಿತು, ಅಳಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಕಲ್ಲಯ್ಯ ಹಣೆಯ ಬೆವರು ಒರೆಸಿಕೊಂಡ. “ಹಾಗಾದರೆ ಸೀಮಂತಕ್ಕೆ ಬಳೆ ತೊಡಿಸುವುದು ಬೇಡವೇ, ಗುರುಗಳೇ? ಸ್ತೋತ್ರವೊಂದೇ ಸಾಕೇ?”

“ಇವತ್ತು ಮನೆಗೆ ಹೋದಾಗ ನಿನ್ನ ಹೆಜ್ಜೆ ಕೇಳಿ ಅವಳ ಬಳೆ ಹೇಗೆ ಸದ್ದು ಮಾಡುತ್ತದೆ, ಬಾಗಿಲ ಹೊರಗೇ ನಿಂತು ಕೇಳಿ ಬಾ.”

ಆ ಸಂಜೆ ಕಲ್ಲಯ್ಯ ಮನೆಯ ಬಾಗಿಲ ಹೊರಗೇ ನಿಂತು ಕಿವಿಗೊಟ್ಟ.