ಹೆಬ್ಬಾತಿನ ಕಾಲಿನ ಕಲೆ

ಹಿಮದ ಬೆಟ್ಟ ದಾಟಿ ಉತ್ತರಕ್ಕೆ ಮರಳುವ ಕಾಲ ಬಂದಿತ್ತು. ಹಿಂಡನ್ನು ಮುನ್ನಡೆಸಲು ಗಾಳಿಯ ಗುಣ ಬಲ್ಲ ಹೆಣ್ಣು ಹೆಬ್ಬಾತೊಂದು ಮುಂದೆ ಬಂತು.

ಕೆರೆಯ ಅಂಚಿನಲ್ಲಿದ್ದ ಮುದಿ ಹೆಬ್ಬಾತು, "ಕಾಲು ತೋರಿಸು" ಎಂದಿತು.

ಕಾಲಿನಲ್ಲಿ ಹಗ್ಗದ ಗಾಯದ ಕಲೆಯಿತ್ತು.

"ಕಡಲೆ ಹೊಲದಲ್ಲಿ ಕದ್ದು ತಿಂದು ಸಿಕ್ಕಿಬಿದ್ದವಳು ನೀನು. ನಿನ್ನನ್ನು ನಂಬಿ ಇಷ್ಟು ಜೀವಗಳನ್ನು ಒಪ್ಪಿಸುವುದು ಹೇಗೆ?"

"ರೈತ ಆ ವರ್ಷ ಪೂರ್ತಿ ನನ್ನನ್ನು ಗೂಟಕ್ಕೆ ಕಟ್ಟಿಹಾಕಿದ್ದ, ಅಜ್ಜಾ. ಶಿಕ್ಷೆ ಮುಗಿಯಿತೆಂದು ಅವನೇ ಹಗ್ಗ ಬಿಚ್ಚಿದ. ಹಾರಬೇಕಾದದ್ದು ರೆಕ್ಕೆ. ರೆಕ್ಕೆ ನೋಡಿ."

"ರೆಕ್ಕೆ ಚೆನ್ನಾಗಿದೆ. ಆದರೆ ಕಲೆ ಕಲೆಯೇ."

"ಹೌದು, ಹೌದು!" ಎಂದು ಹಿಂಡೆಲ್ಲ ಕೂಗಿತು.

ಹೆಣ್ಣು ಹೆಬ್ಬಾತಿನ ಕತ್ತು ಸಿಟ್ಟಿನಿಂದ ಸೆಟೆಯಿತು. "ಕಟ್ಟಿದವನೇ ಬಿಚ್ಚಿ ಮರೆತ. ನೀವು ಇನ್ನೂ ಬಿಗಿಯುತ್ತಲೇ ಇದ್ದೀರಿ! ಅಂದು ಆ ಹೊಲಕ್ಕೆ ಇಳಿದವಳು ನಾನೊಬ್ಬಳೇನಾ? ಇವತ್ತು ಬೆಳಗ್ಗೆ ಅದೇ ಹೊಲವನ್ನು ಕೆದಕಿ ಬಂದವರು ಯಾರು? ನನ್ನ ಕಾಲು ನೋಡಿದ್ದು ಸಾಕು. ಈಗ ನೀವೆಲ್ಲ ಕೊಕ್ಕು ತೋರಿಸಿ!"

ಮುದಿ ಹೆಬ್ಬಾತು ತಟ್ಟನೆ ಕೊಕ್ಕನ್ನು ನೀರಿನಲ್ಲಿ ಮುಳುಗಿಸಿತು. ಅದನ್ನು ನೋಡಿ ಉಳಿದವೂ ಮುಳುಗಿಸಿದವು. ಇಡೀ ಕೆರೆಯಲ್ಲಿ ಎತ್ತಿ ಹಿಡಿದ ತಲೆ ಒಂದೇ ಒಂದು ಉಳಿಯಿತು.